ಉಲ್ಲೇಖ ಎಷ್ಟು, ಉಲ್ಲೇಖ ಎಂಥದ್ದು: ನೆಲ ಅಗೆಯುವವರಿಗೂ ಕಾನೂನು ಬರೆಯುವವರಿಗೂ ಒಂದೇ ತಕ್ಕಡಿ ಸಾಕೆ?

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಹಲವು ಕಾಲೇಜುಗಳ ಗೇಟಿಗೆ ಹೊಸ ಫ್ಲೆಕ್ಸ್ ಏರುತ್ತದೆ. ನಗರದಲ್ಲಿ ಫ್ಲೆಕ್ಸ್‌ಗೆ ನಿಷೇಧವಿದೆ ಎಂಬುದು ಬೇರೆ ಮಾತು. ‘ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು’ ಎಂಬ ಸಾಲು, ಮೇಲೆ ಆಡಳಿತ ಮಂಡಳಿ ಅಧ್ಯಕ್ಷರ ದೊಡ್ಡ ಮುಖ, ಕೆಳಗೆ ಸಾಲಾಗಿ ಸಾಧಕರ ಚಿಕ್ಕ ಮುಖಗಳು. ಎಂಜಿನಿಯರಿಂಗ್, ರಸಾಯನಶಾಸ್ತ್ರ, ಔಷಧ ವಿಜ್ಞಾನದವರೇ ಹೆಚ್ಚು. ಶಾಸನ ಓದುವವರು, ನೆಲ ಅಗೆಯುವವರು, ಕಳವಾದ ವಿಗ್ರಹವೊಂದನ್ನು ವಿದೇಶದಿಂದ ಮರಳಿ ತರಲು ಯಾವ ಒಪ್ಪಂದದ ಯಾವ ವಿಧಿ ನೆರವಾಗುತ್ತದೆ ಎಂದು ತಲೆಕೆಡಿಸಿಕೊಳ್ಳುವವರು ಆ ಸಾಲಿನಲ್ಲಿ ಅಪರೂಪ.

ಹಾಗಾದರೆ ಅವರ ಕೆಲಸ ಚಿಕ್ಕದೇ? ಅಥವಾ ಅಳೆಯುವ ಕೋಲು ಅವರ ಕೆಲಸ ಇರುವ ಜಾಗಕ್ಕೆ ತಲುಪುವುದಿಲ್ಲವೇ? ಪುರಾತತ್ತ್ವ ಮತ್ತು ಅಂತರರಾಷ್ಟ್ರೀಯ ಕಾನೂನು ಎರಡರಲ್ಲೂ ಕಾಲಿಟ್ಟಿರುವ ವಿದ್ವಾಂಸರೊಬ್ಬರ ಪ್ರಕಟಣೆಗಳ ಪಟ್ಟಿ ನೇಮಕಾತಿ ಸಮಿತಿಯ ಮೇಜಿನ ಮೇಲೆ ಬಂದಾಗ ಈ ಪ್ರಶ್ನೆ ನಿಜವಾಗಿ ಕುಟುಕುತ್ತದೆ.

ಮೂರು ಸುದ್ದಿ, ಮೂರು ದಿಕ್ಕು

ಓದುಗರಿಗೆ ಗೊಂದಲವಾಗಲು ಕಾರಣವಿದೆ. ಒಂದರ ಹಿಂದೊಂದು ಬಂದ ಮೂರು ಸುದ್ದಿಗಳು ಮೂರು ಕಡೆಗೆ ಎಳೆಯುತ್ತಿವೆ.

ಮೊದಲನೆಯದು ಈ ಶೇ 2ರ ಪಟ್ಟಿ. ‘ಸ್ಟ್ಯಾನ್‌ಫರ್ಡ್ ಪಟ್ಟಿ’ ಎಂದೇ ಪತ್ರಿಕೆಗಳಲ್ಲಿ ಹೆಸರಾಗಿದ್ದರೂ ಇದು ಆ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯನೀಡಿಸ್ ಮತ್ತು ಸಂಗಡಿಗರು 2019ರಿಂದ ಪ್ರಕಟಿಸುತ್ತಿರುವ ದತ್ತಾಂಶ. ಒಬ್ಬರ ಬರಹವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಅದರ ಮುಖ್ಯ ಅಳತೆ. ಆಕರ, ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಎಂಬ ಪ್ರಬಂಧ, ಉಲ್ಲೇಖಗಳ ಭಂಡಾರ. ಇಡೀ ವೃತ್ತಿಜೀವನದ ಪಟ್ಟಿ ಒಂದು, ಒಂದೇ ವರ್ಷದ ಪಟ್ಟಿ ಇನ್ನೊಂದು. ಫ್ಲೆಕ್ಸ್‌ಗಳು ಇವೆರಡರ ನಡುವಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಎರಡನೆಯದು, 2025ರ ಫೆಬ್ರುವರಿಯಲ್ಲಿ ಯುಜಿಸಿ ತನ್ನ ‘ಕೇರ್’ ಪಟ್ಟಿಯನ್ನು ಕೈಬಿಟ್ಟದ್ದು. ಯಾವ ನಿಯತಕಾಲಿಕದಲ್ಲಿ ಬರೆದರೆ ಲೆಕ್ಕಕ್ಕುಂಟು, ಯಾವುದರಲ್ಲಿ ಬರೆದರೆ ಇಲ್ಲ ಎಂದು 2019ರಿಂದ ಹೇಳುತ್ತಿದ್ದ ಪಟ್ಟಿ ಅದು. ಇನ್ನು ಮುಂದೆ ಗುಣಮಟ್ಟವನ್ನು ಸಂಸ್ಥೆಗಳೇ ನೋಡಿಕೊಳ್ಳಬೇಕು, ತಾನು ಮಾನದಂಡಗಳನ್ನು ಸೂಚಿಸುವುದಷ್ಟೇ ಎಂದು ಯುಜಿಸಿ ಹೇಳಿತು.

ಮೂರನೆಯದು, ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಅದೇ ವರ್ಷದ ಎನ್‌ಐಆರ್‌ಎಫ್ ರ್‍ಯಾಂಕಿಂಗ್. ಪ್ರಕಟವಾಗಿ ಬಳಿಕ ಹಿಂತೆಗೆದುಕೊಂಡ ಪ್ರಬಂಧಗಳಿಗೆ ಅದರಲ್ಲಿ ಮೊದಲ ಬಾರಿಗೆ ಅಂಕ ಕಳೆಯಲಾಯಿತು.

ಒಂದು ಎಣಿಸು ಎನ್ನುತ್ತದೆ, ಇನ್ನೊಂದು ಪಟ್ಟಿ ಬೇಡ ಎನ್ನುತ್ತದೆ, ಮತ್ತೊಂದು ಎಣಿಸಿದ್ದರಲ್ಲಿ ಕಳೆ ಎನ್ನುತ್ತದೆ. ಇದರ ನಡುವೆ 2018ರ ಯುಜಿಸಿ ನಿಯಮಾವಳಿಯ ಸಂಶೋಧನಾ ಅಂಕಗಳ ಕೋಷ್ಟಕವಿದೆ. ಮಾನವಿಕ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 10 ಅಂಕ. ಅಂತರರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ 12, ರಾಷ್ಟ್ರೀಯ ಪ್ರಕಾಶಕರಾದರೆ 10. ಹತ್ತು ವರ್ಷ ಕೂತು ಬರೆದ ಪುಸ್ತಕಕ್ಕೂ ಎರಡು ತಿಂಗಳಲ್ಲಿ ಮುಗಿದ ಪ್ರಬಂಧಕ್ಕೂ ಇರುವ ಅಂತರ ಹೆಚ್ಚೆಂದರೆ ಎರಡು ಅಂಕ. ಈ ಕೋಷ್ಟಕ ಕಂಡ ಯುವ ಸಂಶೋಧಕರು ಪುಸ್ತಕ ಬರೆಯದಿದ್ದರೆ ಅವರನ್ನು ಬೈಯುವಂತಿಲ್ಲ.

ವಕೀಲರ ಅಂಟುಚೀಟಿಯಿಂದ ಹುಟ್ಟಿದ ಲೆಕ್ಕ

ಉಲ್ಲೇಖಗಳನ್ನು ಎಣಿಸುವ ಈ ಪದ್ಧತಿ ವಿಜ್ಞಾನದ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಅದರ ತವರು ವಕೀಲರ ಕಚೇರಿ.

1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಒಂದು ವ್ಯಾಪಾರ ಶುರು ಮಾಡಿದ. ನ್ಯಾಯಾಲಯದ ತೀರ್ಪುಗಳ ಸಂಪುಟ ಕೊಂಡ ವಕೀಲರಿಗೆ ಅಂಟಿರುವ ಚೀಟಿಗಳನ್ನು ಮಾರುವುದು. ವಕೀಲರು ಆ ಚೀಟಿಯನ್ನು ಹಳೆಯ ತೀರ್ಪಿನ ಪಕ್ಕದ ಅಂಚಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಈ ತೀರ್ಪನ್ನು ಮುಂದೆ ಯಾವ ಯಾವ ಪ್ರಕರಣದಲ್ಲಿ ಉಲ್ಲೇಖಿಸಲಾಗಿದೆ ಎಂಬ ವಿವರ ಅದರಲ್ಲಿ ಇರುತ್ತಿತ್ತು. ರದ್ದಾದ ತೀರ್ಪನ್ನು ಹಿಡಿದು ವಾದಕ್ಕೆ ನಿಂತರೆ ನ್ಯಾಯಾಧೀಶರ ಎದುರು ಮಾನ ಹೋಗುತ್ತದೆ. ಹಾಗಾಗಿ ಚೀಟಿಗೆ ಗಿರಾಕಿ ಸಿಕ್ಕರು. ಕ್ರಮೇಣ ಅದು ದಪ್ಪ ಸಂಪುಟಗಳಾಗಿ ಬೆಳೆಯಿತು.

ಆ ಸಂಪುಟಗಳಲ್ಲಿ ಉಲ್ಲೇಖದ ಮುಂದೆ ಒಂದೊಂದು ಅಕ್ಷರವಿರುತ್ತಿತ್ತು. ನಂತರದ ನ್ಯಾಯಾಲಯ ಹಳೆಯ ತೀರ್ಪನ್ನು ಅನುಸರಿಸಿತೇ, ಟೀಕಿಸಿತೇ, ಇದು ಬೇರೆ ಸಂಗತಿ ಎಂದು ಬದಿಗಿಟ್ಟಿತೇ, ಪೂರ್ತಿ ತಳ್ಳಿಹಾಕಿತೇ ಎಂಬುದನ್ನು ಆ ಅಕ್ಷರ ಹೇಳುತ್ತಿತ್ತು. ವಕೀಲರಿಗೆ ಬೇಕಾದದ್ದು ಅದೇ. ಇನ್ನೂರು ಸಲ ಉಲ್ಲೇಖವಾಗಿ ಇನ್ನೂರ ಒಂದನೆಯ ಸಲ ರದ್ದಾದ ತೀರ್ಪಿಗೆ ಬೆಲೆ ಇಲ್ಲ.

1950ರ ದಶಕದಲ್ಲಿ ಯೂಜಿನ್ ಗಾರ್ಫೀಲ್ಡ್ ಎಂಬ ಗ್ರಂಥಾಲಯ ವಿಜ್ಞಾನಿಗೆ ಈ ಪದ್ಧತಿಯ ಪರಿಚಯ ಮಾಡಿಸಿದವರು ಶೆಪರ್ಡ್ ಕಂಪನಿಯ ಮಾಜಿ ಅಧಿಕಾರಿಯೊಬ್ಬರು. ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನೇ ವಿಜ್ಞಾನಕ್ಕೂ ತರಬಹುದು ಎಂದು ಬರೆದರು. 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿ ಮಾರುಕಟ್ಟೆಗೆ ಬಂತು. ಯಾರ ಹಿಂದೆ ಯಾರು ಬಂದರು ಎಂಬ ಹೆಜ್ಜೆಗುರುತು ಅದರಲ್ಲಿ ಸಿಕ್ಕಿತು. ಆದರೆ ಆ ಪುಟ್ಟ ಅಕ್ಷರ ದಾರಿಯಲ್ಲಿ ಬಿದ್ದುಹೋಯಿತು. ಒಪ್ಪಿದ ಉಲ್ಲೇಖ, ಜಗಳವಾಡಿದ ಉಲ್ಲೇಖ, ಸೌಜನ್ಯಕ್ಕೆ ಹಾಕಿದ ಉಲ್ಲೇಖ ಎಲ್ಲವೂ ‘ಒಂದು’ ಆಗಿಬಿಟ್ಟವು. ಇಂದಿನ ತಕರಾರುಗಳಲ್ಲಿ ಅರ್ಧದಷ್ಟಕ್ಕೆ ಬೇರು ಇಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಎಚ್-ಸೂಚ್ಯಂಕವನ್ನು ಕೈಯಲ್ಲೇ ಲೆಕ್ಕ ಹಾಕಿದರೆ

2005ರಲ್ಲಿ ಭೌತವಿಜ್ಞಾನಿ ಹೋರ್ಗೆ ಹರ್ಷ್ ಒಂದು ಸುಲಭ ಸೂತ್ರ ಕೊಟ್ಟರು. ನಿಮ್ಮ ಬರಹಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ. ಎಷ್ಟನೆಯ ಸಾಲಿನವರೆಗೆ ಉಲ್ಲೇಖದ ಸಂಖ್ಯೆ ಸಾಲಿನ ಸಂಖ್ಯೆಗಿಂತ ಕಡಿಮೆಯಾಗುವುದಿಲ್ಲವೋ ಅದು ನಿಮ್ಮ ಎಚ್-ಸೂಚ್ಯಂಕ.

ಕಲ್ಪಿತ ವಿದ್ವಾಂಸರೊಬ್ಬರ ಆರು ಬರಹಗಳಿಗೆ ಕ್ರಮವಾಗಿ 40, 18, 9, 4, 3, 1 ಉಲ್ಲೇಖಗಳಿವೆ ಎನ್ನೋಣ. ನಾಲ್ಕನೆಯದಕ್ಕೆ ನಾಲ್ಕಿದೆ, ಸರಿ. ಐದನೆಯದಕ್ಕೆ ಐದಿಲ್ಲ, ಮೂರೇ. ಹಾಗಾಗಿ ಸೂಚ್ಯಂಕ 4. ಈಗ ಮೊದಲ ಬರಹ ಒಂದು ಪುಸ್ತಕ, ಅದಕ್ಕೆ 40ರ ಬದಲು 4,000 ಉಲ್ಲೇಖ ಬಂದಿದೆ ಎಂದುಕೊಳ್ಳಿ. ಸೂಚ್ಯಂಕ ಆಗಲೂ 4. ಒಂದೇ ದೊಡ್ಡ ಕೃತಿಯಿಂದ ಒಂದು ಕ್ಷೇತ್ರದ ದಿಕ್ಕು ಬದಲಿಸಿದವರನ್ನು ಈ ಸೂತ್ರ ಕಾಣಲಾರದು. ಸಣ್ಣ ಸಣ್ಣ ಪ್ರಬಂಧಗಳನ್ನು ಎಡೆಬಿಡದೆ ಬರೆಯುವವರು ಅದರ ಕಣ್ಣಿಗೆ ಚೆನ್ನಾಗಿ ಬೀಳುತ್ತಾರೆ. ಈ ಸೂಚ್ಯಂಕದಿಂದ ಕೆಡುಕೂ ಆಗಬಲ್ಲದು ಎಂದು ಹರ್ಷ್ ಅವರೇ 2020ರಲ್ಲಿ ಒಪ್ಪಿಕೊಂಡರು.

ಭಂಡಾರ ಬದಲಾದರೆ ಅಂಕವೂ ಬದಲಾಗುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿಕೊಂಡ ನಿಯತಕಾಲಿಕಗಳನ್ನು ಮುಖ್ಯವಾಗಿ ನೋಡುತ್ತವೆ. ಗೂಗಲ್ ಸ್ಕಾಲರ್ ಪುಸ್ತಕ, ಪಿಎಚ್.ಡಿ ಮಹಾಪ್ರಬಂಧ, ಸೆಮಿನಾರ್ ಲೇಖನ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಬಾಚುವಾಗ ಕಸವೂ ಬರುತ್ತದೆ. 2010ರಲ್ಲಿ ಫ್ರಾನ್ಸ್‌ನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ‘ಐಕ್ ಆಂಟ್‌ಕೇರ್’ ಎಂಬ ಇಲ್ಲದ ಸಂಶೋಧಕನನ್ನು ಸೃಷ್ಟಿಸಿ, ಕಂಪ್ಯೂಟರಿನಿಂದಲೇ ಅರ್ಥವಿಲ್ಲದ ಪ್ರಬಂಧಗಳನ್ನು ಬರೆಸಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದರು. ಗೂಗಲ್ ಸ್ಕಾಲರ್ ಅವನಿಗೆ ಕೊಟ್ಟ ಎಚ್-ಸೂಚ್ಯಂಕ 94.

ಹೆಸರಿನ ತೊಡಕು ಬೇರೆ. ‘ಎಸ್. ಆರ್. ರಾವ್’ ಎಂದರೆ ನಮಗೆ ಸಿಂಧೂ ನಾಗರಿಕತೆಯ ಲೋಥಲ್ ತಾಣವನ್ನು ಅಗೆದ ಶಿಕಾರಿಪುರ ರಂಗನಾಥ ರಾವ್. ಯಂತ್ರಕ್ಕೆ ಅದೇ ಇನಿಷಿಯಲ್ಲಿನ ರಸಾಯನಶಾಸ್ತ್ರಜ್ಞರೂ ವೈದ್ಯರೂ ಒಂದೇ ಗುಂಪು. ಚಿದಾನಂದಮೂರ್ತಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೂಡಿಸಿ ಬರೆದರೆ ಒಬ್ಬರು, ಬಿಡಿಸಿ ಬರೆದರೆ ಇನ್ನೊಬ್ಬರು. ಸಂಶೋಧಕರಿಗೆ ಕೊಡುವ ಆರ್ಕಿಡ್ ಎಂಬ ಗುರುತಿನ ಸಂಖ್ಯೆ 2012ರಲ್ಲಿ ಬಂದದ್ದು ಈ ಗೋಜಲನ್ನು ಬಿಡಿಸಲು. ತೀರಿಹೋದವರು ಬಂದು ಅದಕ್ಕೆ ನೋಂದಾಯಿಸಿಕೊಳ್ಳುವಂತಿಲ್ಲ.

ಅಗೆದವರ ವರದಿ ಎಲ್ಲಿ ಹೋಯಿತು

ಪುರಾತತ್ತ್ವದ ಮೂಲ ಬರಹವೆಂದರೆ ಉತ್ಖನನ ವರದಿ. ಒಮ್ಮೆ ಅಗೆದ ನೆಲವನ್ನು ಮತ್ತೆ ಅಗೆಯಲಾಗದು. ಯಾವ ಪದರದಲ್ಲಿ ಯಾವ ಮಡಕೆ ಚೂರು ಸಿಕ್ಕಿತು ಎಂಬ ದಾಖಲೆಯೇ ಮುಂದಿನವರಿಗೆ ಉಳಿಯುವ ಆಸ್ತಿ. ಆ ದಾಖಲೆ ಪ್ರಕಟವಾಗುವ ವೇಗವನ್ನು ಲೋಥಲ್‌ನಲ್ಲೇ ನೋಡಬಹುದು. ಅಲ್ಲಿ 1955ರಲ್ಲಿ ಅಗೆತ ಶುರುವಾಯಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ ವರದಿಯ ಮೊದಲ ಸಂಪುಟವನ್ನು ತಂದದ್ದು 1979ರಲ್ಲಿ, ಎರಡನೆಯದನ್ನು 1985ರಲ್ಲಿ. ಕಳೆದ ಐದು ವರ್ಷದ ಪ್ರಕಟಣೆ ತೋರಿಸಿ ಎನ್ನುವ ಅರ್ಜಿ ನಮೂನೆಗೆ ಈ ಗಡಿಯಾರ ಹೊಂದುವುದಿಲ್ಲ. 2018ರ ಅಂಕ ಕೋಷ್ಟಕದಲ್ಲಿ ಉತ್ಖನನ ವರದಿ ಎಂಬ ಪ್ರತ್ಯೇಕ ಸಾಲೂ ಇಲ್ಲ.

ಇನ್ನು ಅಗೆದವರೊಬ್ಬರು, ಹೆಸರಾದವರೊಬ್ಬರು ಎಂಬ ಕಥೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ 1929ರಲ್ಲೇ ಅಗೆದಿದ್ದರು. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಅವರೇ. 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದು ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಬರೆದರು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಕಾಲಗಣನೆ ಎಂದೊಡನೆ ಅಡಿಟಿಪ್ಪಣಿಯಲ್ಲಿ ಬರುವುದು ವ್ಹೀಲರ್. ಮೈಸೂರು ಇಲಾಖೆಯ ವಾರ್ಷಿಕ ವರದಿಯ ಪುಟಗಳನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ವ್ಹೀಲರ್ ಕೆಲಸ ದೊಡ್ಡದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಉಲ್ಲೇಖ ಅರಸಿ ಹೋಗುವುದು ಸುಲಭವಾಗಿ ಸಿಗುವ ಸಂಚಿಕೆಯನ್ನು.

ಆರ್. ಶಾಮಶಾಸ್ತ್ರಿಗಳ ಪಾಡು ಇನ್ನೂ ವಿಚಿತ್ರ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ಅವರು. ಪ್ರಾಚೀನ ಭಾರತದಲ್ಲಿ ರಾಜ್ಯ ರಾಜ್ಯಗಳ ನಡುವಿನ ಸಂಬಂಧ, ದೂತರ ರಕ್ಷಣೆ, ಮಂಡಲ ಸಿದ್ಧಾಂತ ಎಂದು ಅಂತರರಾಷ್ಟ್ರೀಯ ಕಾನೂನಿನ ಲೇಖಕರು ಬರೆಯುವಾಗಲೆಲ್ಲ ಹಿಂದೆ ನಿಂತಿರುವುದು ಆ ಕೆಲಸ. ಉಲ್ಲೇಖ ಮಾತ್ರ ಕೌಟಿಲ್ಯನ ಖಾತೆಗೆ ಜಮಾ ಆಗುವುದು ಸಾಮಾನ್ಯ. ಸಂಪಾದಕರು, ಅನುವಾದಕರು ಎಂಬ ಜಾತಿಯನ್ನು ಲೆಕ್ಕದ ಯಂತ್ರಗಳು ಅಷ್ಟಾಗಿ ಗುರುತಿಸುವುದಿಲ್ಲ.

ಪುರಾತತ್ತ್ವದೊಳಗೇ ಈಗ ಎರಡು ಲೋಕಗಳಿವೆ. ದಕ್ಷಿಣ ಏಷ್ಯಾದ ಪ್ರಾಚೀನ ಡಿಎನ್‌ಎ ಕುರಿತು 2019ರಲ್ಲಿ ‘ಸೈನ್ಸ್’ನಲ್ಲಿ ಬಂದ ಪ್ರಬಂಧಕ್ಕೆ 117 ಲೇಖಕರು. ಅಂಥ ಪ್ರಬಂಧವನ್ನು ವಂಶವಾಹಿ ವಿಜ್ಞಾನಿಗಳು, ಭಾಷಾಶಾಸ್ತ್ರಜ್ಞರು, ಇತಿಹಾಸಕಾರರು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ವೇಳೆ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ಎಂಟನೆಯ ಶತಮಾನದ ಲಿಪಿಯನ್ನು, ಸವೆದ ಅಕ್ಷರದ ಮೇಲೆ ಬೆಳಕನ್ನು ಓರೆಯಾಗಿ ಹಾಯಿಸಿ, ಇದು ‘ಕಿ’ಯೋ ‘ಕೆ’ಯೋ ಎಂದು ದಿನಗಟ್ಟಲೆ ನೋಡುವವರು ಒಂಟಿ. ಅವರ ಓದನ್ನು ಬಳಸುವವರು ಜಗತ್ತಿನಲ್ಲಿ ಬಹುಶಃ ಐವತ್ತು ಮಂದಿ, ಅವರಲ್ಲಿ ಹೆಚ್ಚಿನವರು ಬರೆಯುವುದು ಕನ್ನಡದಲ್ಲಿ. ಕನ್ನಡದ ನಿಯತಕಾಲಿಕಗಳು ಅಂತರರಾಷ್ಟ್ರೀಯ ಭಂಡಾರಗಳ ಪರಿಧಿಗೆ ಬರುವುದೇ ವಿರಳ. ಇಬ್ಬರ ಇಲಾಖೆಯ ಫಲಕದ ಮೇಲೂ ಬರೆದಿರುವುದು ‘ಪುರಾತತ್ತ್ವ’.

ಕಾನೂನಿನ ಓದು ಅಡಿಟಿಪ್ಪಣಿಯಲ್ಲಿದೆ

ಅಂತರರಾಷ್ಟ್ರೀಯ ಕಾನೂನಿನಲ್ಲಿ ವಿದ್ವಾಂಸರ ಬರಹಕ್ಕೆ ಇರುವ ಮಾನ ಬೇರೆ ಯಾವ ಶಾಸ್ತ್ರದಲ್ಲೂ ಇಲ್ಲ ಎನ್ನಬಹುದು. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿ, ಕಾನೂನಿನ ನಿಯಮವನ್ನು ನಿರ್ಧರಿಸಲು ವಿವಿಧ ದೇಶಗಳ ಶ್ರೇಷ್ಠ ವಿದ್ವಾಂಸರ ಬೋಧನೆಗಳನ್ನು ಪೂರಕ ಸಾಧನವಾಗಿ ನೋಡಬಹುದು ಎನ್ನುತ್ತದೆ. ಕಾಗದದ ಮೇಲೆ ಇಷ್ಟು ಗೌರವ. ಆದರೆ ಹೇಗ್‌ನ ಆ ನ್ಯಾಯಾಲಯ ತನ್ನ ಬಹುಮತದ ತೀರ್ಪಿನಲ್ಲಿ ವಿದ್ವಾಂಸರ ಹೆಸರು ಹೇಳುವುದು ತೀರಾ ಕಡಿಮೆ. ನ್ಯಾಯಾಧೀಶರು ಪ್ರತ್ಯೇಕವಾಗಿ ಬರೆದ ಅಭಿಪ್ರಾಯಗಳಲ್ಲಿ ಹೆಸರುಗಳು ಸಿಗುತ್ತವೆ. ಅಂದರೆ ಒಬ್ಬರ ವಾದ ತೀರ್ಪನ್ನೇ ರೂಪಿಸಿದ್ದರೂ ಅವರ ಲೆಕ್ಕಕ್ಕೆ ಸೊನ್ನೆ ಬರಬಹುದು.

ಬರಹದ ರೂಢಿಯೂ ಬೇರೆ. ಕಾನೂನು ಲೇಖಕರು ಆಕರಗಳನ್ನು ಪುಟದ ಕೆಳಗಿನ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ; ಹಲವು ಲೇಖನಗಳಲ್ಲಿ ಕೊನೆಯ ಆಕರ ಪಟ್ಟಿಯೇ ಇರುವುದಿಲ್ಲ. ಪಟ್ಟಿ ಓದಿ ಅಭ್ಯಾಸವಾದ ಯಂತ್ರಕ್ಕೆ ಅಡಿಟಿಪ್ಪಣಿ ಕಷ್ಟದ ತುತ್ತು. ಅಮೆರಿಕದ ಪ್ರತಿಷ್ಠಿತ ಕಾನೂನು ಪತ್ರಿಕೆಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ಸಂಪಾದಿಸುವಂಥವು. ತಜ್ಞರಿಂದ ಪರಿಶೀಲಿತವಾಗಿರಬೇಕು ಎಂದು ನಮ್ಮ ನಿಯಮ ಕೇಳಿದಾಗ, ಹಾರ್ವರ್ಡ್‌ನಲ್ಲಿ ಬರೆದವರು ಪೇಚಿಗೆ ಸಿಕ್ಕರೂ ಆಶ್ಚರ್ಯವಿಲ್ಲ.

ಈ ಎರಡು ವಿಷಯಗಳು ಒಂದೇ ಕೋರ್ಟಿನಲ್ಲಿ ಮುಖಾಮುಖಿಯಾದ ಪ್ರಸಿದ್ಧ ಪ್ರಕರಣ ಪ್ರೀಹ್ ವಿಹಾರ್. ಕಾಂಬೋಡಿಯ ಮತ್ತು ಥಾಯ್ಲೆಂಡ್ ಗಡಿಯ ಶಿವಾಲಯ ಯಾರದು ಎಂಬ ವ್ಯಾಜ್ಯ. 1962ರಲ್ಲಿ ನ್ಯಾಯಾಲಯ ಕಾಂಬೋಡಿಯದ ಪರ ತೀರ್ಪು ಕೊಟ್ಟಿತು. ಎರಡೂ ಕಡೆಯವರು ಮುಂದಿಟ್ಟ ಐತಿಹಾಸಿಕ, ಧಾರ್ಮಿಕ, ಪುರಾತತ್ತ್ವದ ವಾದಗಳು ಕಾನೂನಿನ ದೃಷ್ಟಿಯಲ್ಲಿ ನಿರ್ಣಾಯಕವಲ್ಲ ಎಂದು ಅವನ್ನು ಬದಿಗೆ ಸರಿಸಿತು. ಗೆದ್ದದ್ದು ಭೂಪಟ ಮತ್ತು ಅದಕ್ಕೆ ದಶಕಗಳ ಕಾಲ ಥಾಯ್ಲೆಂಡ್ ಆಕ್ಷೇಪಿಸದೆ ಉಳಿದ ನಡತೆ. ಆಗ ಪುರಾತತ್ತ್ವಜ್ಞರ ಶ್ರಮ ವ್ಯರ್ಥವಾಯಿತೇ? ಪುರಾವೆ ಎಂದರೇನು ಎಂಬುದರಲ್ಲೇ ಈ ಎರಡು ಶಾಸ್ತ್ರಗಳಿಗೆ ಒಮ್ಮತವಿಲ್ಲ ಎಂಬುದು ಅಲ್ಲಿ ಬಯಲಾಯಿತು. ಎರಡನ್ನೂ ಬಲ್ಲವರು ಏಕೆ ಬೇಕು ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ.

ಪಾತೂರಿನ ನಟರಾಜ

ತಮಿಳುನಾಡಿನ ಪಾತೂರಿನಲ್ಲಿ 1976ರಲ್ಲಿ ಕೂಲಿಕಾರನೊಬ್ಬ ಪಾಳುಬಿದ್ದ ದೇವಾಲಯದ ಬಳಿ ಅಗೆಯುವಾಗ ಗುದ್ದಲಿಗೆ ಲೋಹ ತಗುಲಿತು. ಸಿಕ್ಕಿದ ನಟರಾಜ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಬಂಪರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅದನ್ನು ಕೊಂಡಿತು. ಲಂಡನ್ ಪೊಲೀಸರು ವಿಗ್ರಹವನ್ನು ವಶಪಡಿಸಿಕೊಂಡಾಗ ಕಂಪನಿ ದಾವೆ ಹೂಡಿತು.

ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊದ 1970ರ ಒಪ್ಪಂದಕ್ಕೆ ಭಾರತ 1977ರಲ್ಲಿ ಸೇರಿತ್ತು. ಬ್ರಿಟನ್ ಸೇರಿದ್ದು 2002ರಲ್ಲಿ. ಹಾಗಾಗಿ ಒಪ್ಪಂದ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಇಂಗ್ಲಿಷ್ ನ್ಯಾಯಾಲಯದಲ್ಲಿ ಸಾಮಾನ್ಯ ಸ್ವತ್ತಿನ ವ್ಯಾಜ್ಯದಂತೆ ಹೋರಾಡಬೇಕಾಯಿತು. ಎರಡು ಪ್ರಶ್ನೆಗಳು ಎದ್ದವು. ಈ ನಟರಾಜ ಪಾತೂರಿನದ್ದೇ ಹೌದೇ? ಹೌದಾದರೆ, ಪಾಳು ದೇವಾಲಯವೊಂದು ಲಂಡನ್‌ನಲ್ಲಿ ವಾದಿಯಾಗಿ ನಿಲ್ಲಬಹುದೇ?

ಮೊದಲನೆಯದಕ್ಕೆ ಪುರಾತತ್ತ್ವ ಬೇಕಿತ್ತು. ತಮಿಳುನಾಡು ಪುರಾತತ್ತ್ವ ಇಲಾಖೆಯ ಆರ್. ನಾಗಸ್ವಾಮಿ ಸಾಕ್ಷಿ ಕಟ್ಟೆ ಹತ್ತಿ, ಅದೇ ದೇವಾಲಯದ ನೆಲದಲ್ಲಿ ಸಿಕ್ಕ ಇತರ ಕಂಚಿನ ವಿಗ್ರಹಗಳ ಜೊತೆ ಇದನ್ನು ಹೋಲಿಸಿ ತೋರಿಸಿದರು. ಎರಡನೆಯದಕ್ಕೆ ಕಾನೂನು ಬೇಕಿತ್ತು: ಭಾರತದ ಕಾನೂನಿನಲ್ಲಿ ದೇವಸ್ಥಾನ, ದೇವರು ಕಾನೂನಿನ ಕಣ್ಣಿಗೆ ವ್ಯಕ್ತಿಯಾಗಬಲ್ಲದು ಎಂಬುದನ್ನು ಬ್ರಿಟಿಷ್ ನ್ಯಾಯಾಧೀಶರು ಒಪ್ಪಬೇಕಿತ್ತು. ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಒಪ್ಪಿತು. ವಿಗ್ರಹ ಅದೇ ವರ್ಷ ಊರಿಗೆ ಬಂತು.

ಸಾಂಸ್ಕೃತಿಕ ಪರಂಪರೆಯ ಕಾನೂನು ಓದುವವರು ಇಂದಿಗೂ ಈ ತೀರ್ಪನ್ನು ಓದುತ್ತಾರೆ. ಆದರೆ ಸಾಕ್ಷಿ ಹೇಳಿಕೆಗೆ ಎಚ್-ಸೂಚ್ಯಂಕವಿಲ್ಲ. ಎದುರು ಪಕ್ಷದ ವಕೀಲರ ಪಾಟಿಸವಾಲನ್ನು ತಾಳಿಕೊಂಡ ಪರಿಣತಿ, ಇಬ್ಬರು ಅನಾಮಿಕ ಪರಿಶೀಲಕರ ಟಿಪ್ಪಣಿಯನ್ನು ದಾಟಿದ ಪ್ರಬಂಧಕ್ಕಿಂತ ಕಡಿಮೆಯದೇನಲ್ಲ.

ನಮ್ಮ ಕರ್ನಾಟಕದಲ್ಲೂ ಇಂಥ ಹೆಸರಿಲ್ಲದ ಬರಹ ಸಾಕಷ್ಟಿದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ತುಂಗಭದ್ರೆಯ ಮೇಲಿನ ಸೇತುವೆಯ ಕಾರಣಕ್ಕೆ 1999ರಲ್ಲಿ ‘ಅಪಾಯದಲ್ಲಿರುವ ತಾಣ’ವಾಯಿತು, 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಸೇರಿದವು. ಪ್ರತಿ ಹಂತದಲ್ಲೂ ಪುರಾತತ್ತ್ವವನ್ನೂ ವಿಶ್ವ ಪರಂಪರೆ ಕುರಿತ 1972ರ ಒಪ್ಪಂದವನ್ನೂ ಒಟ್ಟಿಗೆ ಬಲ್ಲವರು ಕಡತ ಬರೆಯಬೇಕು. ಕಡತ ಸರ್ಕಾರದ ಹೆಸರಿನಲ್ಲಿ ಹೋಗುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇಕಾದ ಬಿಡಿಭಾಗಗಳೆಲ್ಲ ಇವೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್ ದಕ್ಷಿಣದ ಕಂಚಿನ ವಿಗ್ರಹಗಳ ಸೀಸದ ಐಸೊಟೋಪ್‌ಗಳನ್ನು ಪರೀಕ್ಷಿಸಿ ಅವುಗಳ ಕಾಲ, ಮೂಲ ಗುರುತಿಸುವ ಕೆಲಸ ಮಾಡಿದ್ದಾರೆ. ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಈ ಮೂರು ಕಟ್ಟಡಗಳ ನಡುವೆ ಓಡಾಡುವ ಒಬ್ಬರನ್ನು ಯಾವ ವಿಷಯದ ತಕ್ಕಡಿಯಲ್ಲಿ ತೂಗಬೇಕು? ಶೇ 2ರ ಪಟ್ಟಿ ಪ್ರತಿಯೊಬ್ಬರನ್ನೂ ಒಂದು ಮುಖ್ಯ ಉಪವಿಷಯಕ್ಕೆ ಸೇರಿಸುತ್ತದೆ. ಪುರಾತತ್ತ್ವಕ್ಕೆ ಸೇರಿಸಿದರೆ 117 ಲೇಖಕರ ಪ್ರಬಂಧಗಳ ಎದುರು ಸ್ಪರ್ಧೆ. ಕಾನೂನಿಗೆ ಸೇರಿಸಿದರೆ ಅರ್ಧ ಬದುಕು ಹೊರಗುಳಿಯುತ್ತದೆ.

ಎಣಿಸುವವರ ವಾದಕ್ಕೂ ಬಲವಿದೆ

ಇಷ್ಟಾದ ಮೇಲೆ ಎಣಿಕೆಯನ್ನೇ ಬಿಟ್ಟುಬಿಡಿ ಎನ್ನುವುದು ಸುಲಭ. ಆದರೆ ಎಣಿಕೆ ಬಂದದ್ದು ಏಕೆ ಎಂಬುದನ್ನು ಮರೆಯಬಾರದು. ನೇಮಕಾತಿಯಲ್ಲಿ ಜಾತಿ, ಶಿಫಾರಸು, ಗುರುಗಳ ಕೃಪೆ, ಕೆಲವೊಮ್ಮೆ ಹಣ ಹೇಗೆ ಕೆಲಸ ಮಾಡುತ್ತವೆ ಎಂಬುದು ವಿಶ್ವವಿದ್ಯಾಲಯಗಳ ಆವರಣದಲ್ಲಿ ಯಾರಿಗೂ ಗುಟ್ಟಲ್ಲ. ಹಿಂದೆ ಯಾರೂ ಇಲ್ಲದ ಅಭ್ಯರ್ಥಿಗೆ ಅಂಕಪಟ್ಟಿಯೇ ಆಸರೆ: ನನಗೆ ಇಷ್ಟಿದೆ, ಆಯ್ಕೆಯಾದವರಿಗೆ ಇಷ್ಟೇ ಇದೆ ಎಂದು ಹೈಕೋರ್ಟಿನಲ್ಲಿ ತೋರಿಸಬಹುದು. ‘ವಿದ್ವತ್ತಿನ ಆಳ’ ಎಂಬುದನ್ನು ಹಾಗೆ ತೋರಿಸಲಾಗದು. ಇದು ಪೊಳ್ಳು ವಾದವಲ್ಲ. ಶೇ 2ರ ಪಟ್ಟಿಗೂ ನ್ಯಾಯ ಸಲ್ಲಬೇಕು: ಸ್ವಂತ ಉಲ್ಲೇಖಗಳನ್ನು ಕಳೆದ ಅಂಕವನ್ನೂ ಅದು ಕೊಡುತ್ತದೆ, ಸಹಲೇಖಕರು ಎಷ್ಟು ಮಂದಿ ಎಂಬುದನ್ನೂ, ಒಬ್ಬರೇ ಬರೆದದ್ದು ಯಾವುದು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅದನ್ನು ಫ್ಲೆಕ್ಸ್ ಮಾಡಿದ್ದು ನಾವು.

ಎದುರು ಪಕ್ಷದವರು ಸಂಶೋಧನೆಯನ್ನು ಅಳೆಯುವ ಬಗೆ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯನ್ನೂ 2015ರ ಲೈಡನ್ ಪ್ರಣಾಳಿಕೆಯನ್ನೂ ಮುಂದಿಡುತ್ತಾರೆ. ಪರಿಣತರ ವಿವೇಚನೆಗೆ ಸಂಖ್ಯೆ ಊರುಗೋಲಾಗಬೇಕೇ ಹೊರತು ಅದರ ಜಾಗದಲ್ಲಿ ಕೂರಬಾರದು, ಸ್ಥಳೀಯವಾಗಿ ಮುಖ್ಯವಾದ, ಇಂಗ್ಲಿಷೇತರ ಭಾಷೆಯ ಸಂಶೋಧನೆಯನ್ನು ಕಾಪಾಡಬೇಕು ಎಂಬುದು ಲೈಡನ್‌ನ ಹತ್ತು ತತ್ತ್ವಗಳಲ್ಲಿ ಸೇರಿದೆ. ಎಣಿಕೆ ಹೋದ ಕಡೆ ಪರಿಣತರು ಬರುತ್ತಾರೋ, ಹಳೆಯ ಶಿಫಾರಸುಗಾರರೇ ಬರುತ್ತಾರೋ ಎಂಬುದಕ್ಕೆ ಈ ಪಕ್ಷದಲ್ಲಿ ಗಟ್ಟಿ ಉತ್ತರ ಕಾಣುವುದಿಲ್ಲ.

ಇದರ ನಡುವೆ ರಾಜಕೀಯವೂ ಸೇರಿದೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮಾವಳಿ ಅಂಕ ಪದ್ಧತಿಯನ್ನು ಬಿಟ್ಟು ‘ಗಮನಾರ್ಹ ಕೊಡುಗೆ’ಗಳನ್ನು ನೋಡಿ ಎಂದಿತು, ಭಾರತೀಯ ಭಾಷೆಗಳಲ್ಲಿ ಬೋಧಿಸುವುದೂ ಅದರಲ್ಲಿತ್ತು. ಆದರೆ ಕುಲಪತಿ ನೇಮಕದ ಅಧಿಕಾರದ ಪ್ರಶ್ನೆಯೇ ದೊಡ್ಡದಾಗಿ, ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಹಲವು ರಾಜ್ಯಗಳ ಸಚಿವರು ಸೇರಿ ಕರಡನ್ನು ವಿರೋಧಿಸಿದರು. ಅಧ್ಯಾಪಕರ ಬರಹವನ್ನು ಹೇಗೆ ಓದಬೇಕು ಎಂಬ ಚರ್ಚೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಮುಂದೆ ಏನಾಗಬಹುದು

ಕೇರ್ ಪಟ್ಟಿ ಇಲ್ಲದ ಮೇಲೆ ಸಂಸ್ಥೆಗಳು ತಮ್ಮದೇ ಮಾನದಂಡ ಮಾಡಿಕೊಳ್ಳಬೇಕು. ಮಾಡಲು ಪುರುಸೊತ್ತಿಲ್ಲದ ಕಡೆ ‘ಸ್ಕೋಪಸ್‌ನಲ್ಲಿ ಇದ್ದರೆ ಸಾಕು’ ಎಂಬ ಒಂದು ಸಾಲಿನ ಆದೇಶ ಹೊರಡುವ ಸಾಧ್ಯತೆಯೇ ಹೆಚ್ಚು. ಕೇರ್ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ನಿಯತಕಾಲಿಕಗಳಿಗೆ ಒಂದು ಬಾಗಿಲಾದರೂ ಇತ್ತು. ಅದೂ ಮುಚ್ಚಿದರೆ ಶಾಸನಶಾಸ್ತ್ರದ ಯುವಕರು ಕನ್ನಡದಲ್ಲಿ ಬರೆಯುವುದನ್ನು ಬಿಡುತ್ತಾರೆ, ಅಥವಾ ಶಾಸನವನ್ನೇ ಬಿಡುತ್ತಾರೆ. ರ್‍ಯಾಂಕಿಂಗ್‌ನ ಒತ್ತಡದಲ್ಲಿರುವ ಸಂಸ್ಥೆಗೆ ಒಂದು ಹುದ್ದೆ ಸಿಕ್ಕರೆ ಅದು ಹೆಚ್ಚು ಉಲ್ಲೇಖ ತರುವ ವಿಷಯಕ್ಕೇ ಹೋಗುತ್ತದೆ. ವಿದೇಶದ ಸಂಗ್ರಹಾಲಯದಲ್ಲಿರುವ ಹೊಯ್ಸಳ ಶಿಲ್ಪಕ್ಕಾಗಿ ನಾಳೆ ವಾದಿಸಬೇಕಾಗಿ ಬಂದರೆ ಶಿಲ್ಪವನ್ನೂ ಒಪ್ಪಂದವನ್ನೂ ಬಲ್ಲವರನ್ನು ಹುಡುಕಬೇಕಾದೀತು. ಹಿಂತೆಗೆದ ಪ್ರಬಂಧಕ್ಕೆ ದಂಡ ಹಾಕುವುದು ಒಳ್ಳೆಯ ಹೆಜ್ಜೆ. ಆದರೆ ಅದು ಕಳ್ಳತನ ತಡೆಯುತ್ತದೆ, ಕೃಷಿ ಹೆಚ್ಚಿಸುವುದಿಲ್ಲ.

ಮಾಡಬಹುದಾದ ಕೆಲಸವೊಂದಿದೆ, ದುಬಾರಿಯೂ ಅಲ್ಲ. ಅಭ್ಯರ್ಥಿಯಿಂದ ನಲವತ್ತು ಪ್ರಬಂಧಗಳ ಪಟ್ಟಿ ಕೇಳುವ ಬದಲು ಐದು ಬರಹ ಕೇಳುವುದು. ವರದಿ, ಸಾಕ್ಷಿ ಹೇಳಿಕೆ, ಶಾಸನ ಪಾಠ, ಕನ್ನಡ ಪುಸ್ತಕ ಯಾವುದೂ ಆಗಬಹುದು. ಸಮಿತಿಯಲ್ಲಿ ಇಬ್ಬರಾದರೂ ಅದನ್ನು ಓದಬಲ್ಲವರಿದ್ದು, ಶೆಪರ್ಡ್ ಮಾಡಿದಂತೆ ಪ್ರತಿ ಬರಹದ ಪಕ್ಕ ಒಂದು ಚೀಟಿ ಬರೆಯುವುದು: ಮುಂದೆ ಬಂದವರು ಇದನ್ನು ಅನುಸರಿಸಿದರೇ, ತಿದ್ದಿದರೇ, ತಳ್ಳಿಹಾಕಿದರೇ, ನ್ಯಾಯಾಲಯವಾಗಲಿ ಸರ್ಕಾರವಾಗಲಿ ಬಳಸಿತೇ? ಬರೆದವರು ಹೆಸರು ಹಾಕಿ ಸಹಿ ಮಾಡಬೇಕು. ಶಿಫಾರಸಿಗೆ ಕಡಿವಾಣ ಹಾಕಲು ಸಹಿ ಸಾಕಾಗದಿರಬಹುದು, ಆದರೆ ಹೈಕೋರ್ಟಿನಲ್ಲಿ ತೋರಿಸಲು ಒಂದು ಕಾಗದವಾದರೂ ಸಿಗುತ್ತದೆ.

2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಸ್. ಆರ್. ರಾವ್ ಅವರಿಗೆ ಇಂಥ ಚೀಟಿ ಬರೆದು ನೋಡಿ. ಲೋಥಲ್‌ನ ಇಟ್ಟಿಗೆ ಕಟ್ಟೆ ಹಡಗುಕಟ್ಟೆ ಎಂಬ ಅವರ ವಾದದ ಮುಂದೆ: ಹಲವರು ಒಪ್ಪಿದರು, 1968ರಲ್ಲಿ ಲಾರೆನ್ಸ್ ಲೆಷ್ನಿಕ್ ಅದು ನೀರಾವರಿಯ ಕೆರೆ ಎಂದರು, ವಾದ ಮುಗಿದಿಲ್ಲ. ಸಿಂಧೂ ಲಿಪಿಯನ್ನು ಓದಿದೆ ಎಂಬ ಅವರ 1982ರ ಪುಸ್ತಕದ ಮುಂದೆ: ಬಹುತೇಕ ತಜ್ಞರು ಒಪ್ಪಲಿಲ್ಲ. ಉತ್ಖನನದ ಎರಡು ಸಂಪುಟಗಳ ಮುಂದೆ: ಮೇಲಿನ ಎರಡರಲ್ಲೂ ಅವರನ್ನು ವಿರೋಧಿಸಿದವರೂ ಅಂಕಿ ಅಂಶಕ್ಕೆ ತೆರೆಯಬೇಕಾದದ್ದು ಇವನ್ನೇ. ಗೂಗಲ್ ಸ್ಕಾಲರ್ ಈ ಮೂರನ್ನೂ ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ.